ವೆಂಕಟೇಶ ಬಾಪೂಜಿ ಕೇತಕರ

ಚಂದ್ರಗ್ರಹಣದ ರಾತ್ರಿ ಕುಮಟಾ ತಾಲ್ಲೂಕಿನ ಗೋಕರ್ಣದ ಕಡಲತೀರದಲ್ಲಿ ಜನರು ಸಮುದ್ರಸ್ನಾನಕ್ಕಾಗಿ ನೆರೆಯುತ್ತಾರೆ. ಹೊನ್ನಾವರ, ಭಟ್ಕಳಗಳಲ್ಲಿಯೂ ಕಣ್ಣುಗಳು ಬಾನಿನತ್ತ ತಿರುಗುತ್ತವೆ. ಭೂಮಿಯ ನೆರಳು ಚಂದ್ರನನ್ನು ಸೋಕುವ ಕ್ಷಣವೇ ಸ್ಪರ್ಶ. ಬಿಟ್ಟು ಸರಿಯುವ ಕ್ಷಣವೇ ಮೋಕ್ಷ. ಇವುಗಳ ವೇಳೆಯನ್ನು ಪಂಚಾಂಗವು ಮೊದಲೇ ತಿಳಿಸಿರುತ್ತದೆ. ಅದು ತಪ್ಪಿದರೆ ಸ್ನಾನ, ಜಪಗಳ ಹೊತ್ತೂ ತಪ್ಪಿದಂತೆಯೇ. ಪಂಚಾಂಗದ ಗಣಿತವು ಆಕಾಶಕ್ಕೆ ಒಪ್ಪುವಂತಿರಬೇಕೆಂದು ಜೀವಮಾನವೆಲ್ಲ ದುಡಿದವರು ವೆಂಕಟೇಶ ಬಾಪೂಜಿ ಕೇತಕರ.

ಕೇತಕರರು 1854ರಲ್ಲಿ ನರಗುಂದದಲ್ಲಿ ಜನಿಸಿದರು. ಬಾಗಲಕೋಟೆಯಲ್ಲಿ ಅಧ್ಯಾಪಕರಾಗಿದ್ದು, ಬಿಡುವಿನ ವೇಳೆಯನ್ನು ಖಗೋಳಗಣಿತಕ್ಕೆ ಮೀಸಲಿಟ್ಟರು. ಆ ಕಾಲದ ಅನೇಕ ಪಂಚಾಂಗಕರ್ತರಿಗೆ ಗಣೇಶ ದೈವಜ್ಞನ ಗ್ರಹಲಾಘವವೇ ಆಧಾರವಾಗಿತ್ತು. 1520ರ ಸುಮಾರಿನ ಆ ಗ್ರಂಥ ತನ್ನ ಕಾಲಕ್ಕೆ ಶ್ರೇಷ್ಠವಾದುದು. ಆದರೆ ಚಂದ್ರನ ಗತಿ ಬಹು ಜಟಿಲವಾದುದು. ಸೂರ್ಯನ ಆಕರ್ಷಣೆಯಿಂದ ಅದು ಏರುಪೇರಾಗುತ್ತಿರುತ್ತದೆ. ಹಳೆಯ ಸೂತ್ರಗಳಲ್ಲಿದ್ದ ಅಲ್ಪ ದೋಷವೂ ಶತಮಾನಗಳುರುಳಿದಂತೆ ಬೆಳೆದು, ಗ್ರಹಣದ ವೇಳೆಯಲ್ಲಿ ವ್ಯತ್ಯಾಸ ತೋರತೊಡಗಿತು.

ಪೂರ್ವಿಕರ ಗಣಿತವನ್ನು ತಿದ್ದುವುದು ಅಗೌರವವೆಂದು ಬಗೆದವರು ಆಗ ಇದ್ದರು. ಕೇತಕರರು ಪೂರ್ವಿಕರನ್ನು ಹಳಿಯಲಿಲ್ಲ. ದೋಷವನ್ನು ಮರೆಮಾಚಲೂ ಇಲ್ಲ. ಪಾಶ್ಚಾತ್ಯ ಖಗೋಳಜ್ಞರ ನೂತನ ಮಾನಗಳನ್ನು ಅಭ್ಯಸಿಸಿ, ಸಂಸ್ಕೃತದಲ್ಲಿ ಜ್ಯೋತಿರ್ಗಣಿತ, ಕೇತಕೀ ಗ್ರಹಗಣಿತ ಎಂಬ ಗ್ರಂಥಗಳನ್ನು ರಚಿಸಿದರು. ಇದರಿಂದ ಪಂಚಾಂಗಕರ್ತರು ತಮಗೆ ಪರಿಚಿತವಾದ ಭಾಷೆಯಲ್ಲಿಯೇ ಹೊಸ ಗಣಿತವನ್ನು ಕಲಿಯುವಂತಾಯಿತು.

1930ರಲ್ಲಿ ಕೇತಕರರು ಕಾಲವಾದರು. ಗ್ರಂಥಕ್ಕೂ ಆಕಾಶಕ್ಕೂ ಭೇದ ಕಂಡಾಗ ಆಕಾಶವೇ ಪ್ರಮಾಣ. ಗ್ರಂಥವನ್ನು ತಿದ್ದಿ ಮುಂದಿನವರಿಗೆ ಒಪ್ಪಿಸುವುದೇ ಪೂರ್ವಿಕರಿಗೆ ಸಲ್ಲಿಸುವ ನಿಜವಾದ ಗೌರವ. ಅವರ ಬಾಳು ಕಲಿಸುವ ಪಾಠವಿದು.