ಬೆಂಜಮಿನ್ ಫ್ರಾಂಕ್ಲಿನ್ ಮಾಡಿದ ಒಲೆ ನಿಜಕ್ಕೂ ಅಷ್ಟು ಚೆನ್ನಾಗಿ ಉರಿಯುತ್ತಿತ್ತೇ?

ಗಾಳಿಪಟ ಹಾರಿಸಿ ಮಿಂಚನ್ನೇ ಹಿಡಿದ ವಿಜ್ಞಾನಿ, ಕಟ್ಟಿಗೆ ಉಳಿಸುವ ಒಲೆ ಮಾಡಿ ಪೇಟೆಂಟ್ ಬೇಡವೆಂದ ಮಹಾನುಭಾವ. ಬೆಂಜಮಿನ್ ಫ್ರಾಂಕ್ಲಿನ್ ಬಗ್ಗೆ ಮೊಬೈಲಿಗೆ ಬರುವ ಕಥೆಗಳು ಹೆಚ್ಚಾಗಿ ಹೀಗೇ ಇರುತ್ತವೆ. ಗಾಳಿಪಟಕ್ಕೆ ನೇರವಾಗಿ ಸಿಡಿಲು ಬಡಿದಿರಲಿಲ್ಲ, ಬಡಿದಿದ್ದರೆ ಆತ ಬದುಕುತ್ತಲೇ ಇರಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟು, ಇಲ್ಲಿ ನಾವು ಒಲೆಯ ಕಥೆ ನೋಡೋಣ. ಪೇಟೆಂಟ್ ಬೇಡವೆಂದದ್ದು ನಿಜ. ಆದರೆ ಫ್ರಾಂಕ್ಲಿನ್ ಒಲೆ ಎಂಬ ಹೆಸರಿನಲ್ಲಿ ಕಾಣುವ, ಕಾಲುಗಳ ಮೇಲೆ ನಿಂತ ಬಾಗಿಲಿನ ಕಪ್ಪು ಕಬ್ಬಿಣದ ಒಲೆ ಆತ ಮಾಡಿದ್ದಲ್ಲ. ಆತ ಮಾಡಿದ ಒಲೆ ಕೋಣೆಯೊಳಗೆ ಹೊಗೆ ಬಿಡುತ್ತಿತ್ತು.

ಫ್ರಾಂಕ್ಲಿನ್ ಹುಟ್ಟಿದ್ದು 1706ರಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿ. ತಂದೆ ಜೊಸಾಯ ಪ್ರಾಣಿಗಳ ಕೊಬ್ಬಿನಿಂದ ಮೇಣದಬತ್ತಿ, ಸಾಬೂನು ಮಾಡುತ್ತಿದ್ದವರು. 17 ಮಕ್ಕಳಲ್ಲಿ ಈತ 15ನೆಯವನು. ಶಾಲೆ 10ನೇ ವಯಸ್ಸಿಗೇ ಮುಗಿಯಿತು. 12ಕ್ಕೆ ಅಣ್ಣನ ಮುದ್ರಣಾಲಯದಲ್ಲಿ ಕೆಲಸಕ್ಕೆ ಸೇರಿ, 17ಕ್ಕೆ ಅಣ್ಣನ ಜೊತೆ ಹೊಂದಿಕೊಳ್ಳಲಾಗದೆ ಫಿಲಡೆಲ್ಫಿಯಾಕ್ಕೆ ಓಡಿಹೋದ. ಅಲ್ಲಿ ಸ್ವಂತ ಪ್ರೆಸ್, ಪತ್ರಿಕೆ, ವರ್ಷವರ್ಷವೂ ಖರ್ಚಾಗುತ್ತಿದ್ದ ಪಂಚಾಂಗ, ಹೀಗೆ ಬೆಳೆದ. 1731ರಲ್ಲಿ ಗೆಳೆಯರ ಜೊತೆ ಗ್ರಂಥಾಲಯ ತೆರೆದ, 1736ರಲ್ಲಿ ಬೆಂಕಿ ಆರಿಸುವ ಸ್ವಯಂಸೇವಕರ ಸಂಘ ಕಟ್ಟಿದ. ಆ ಊರಿನಲ್ಲಿ ಬೆಂಕಿ ಎಂದರೆ ಬರೀ ಅಡುಗೆಯ ಮಾತಲ್ಲ. ಚಳಿಗಾಲ ಕಳೆಯಬೇಕೆಂದರೆ ಮನೆಯೊಳಗೆ ಕಟ್ಟಿಗೆ ಉರಿಯಲೇಬೇಕಿತ್ತು.

ಗೋಡೆಯೊಳಗೆ ಕಟ್ಟಿದ ತೆರೆದ ಫೈರ್‌ಪ್ಲೇಸ್ ನೋಡಲು ಚೆಂದ, ಶಾಖದ ಲೆಕ್ಕದಲ್ಲಿ ಮಾತ್ರ ದಂಡ. ಬೆಂಕಿ ಕೋಣೆಯ ಬಿಸಿಗಾಳಿಯನ್ನೇ ಎಳೆದು ಚಿಮಣಿಯಲ್ಲಿ ಹೊರಗೆ ಕಳಿಸುತ್ತದೆ. ಹಾಗೆ ಹೋದ ಗಾಳಿಯ ಜಾಗಕ್ಕೆ ಬಾಗಿಲು ಕಿಟಕಿಗಳ ಸಂದಿನಿಂದ ತಣ್ಣನೆಯ ಗಾಳಿ ನುಗ್ಗುತ್ತದೆ. ಬೆಂಕಿಯ ಮುಂದೆ ಕೂತವರಿಗೆ ಮುಖ ಸುಡುತ್ತದೆ, ಬೆನ್ನು ಕೊರೆಯುತ್ತದೆ. ಅಷ್ಟರಲ್ಲಿ ಫಿಲಡೆಲ್ಫಿಯಾದ ಸುತ್ತಮುತ್ತ ಕಾಡು ಕರಗಿ, ಕಟ್ಟಿಗೆ ದೂರದಿಂದ ಬರುತ್ತಿತ್ತು, ಬೆಲೆಯೂ ಏರಿತ್ತು. ಬಡವರಿಗೆ ಇದು ನಿಜವಾದ ಕಷ್ಟ.

1740ರ ದಶಕದ ಆರಂಭದಲ್ಲಿ ಫ್ರಾಂಕ್ಲಿನ್ ಒಂದು ಉಪಾಯ ಮಾಡಿದ. ಹಳೆಯ ಫೈರ್‌ಪ್ಲೇಸ್ ಒಡೆಯುವುದು ಬೇಡ, ಅದರೊಳಗೇ ಬೀಡುಕಬ್ಬಿಣದ ಹಲಗೆಗಳ ಒಂದು ಪೆಟ್ಟಿಗೆ ಕೂರಿಸಿದರೆ ಸಾಕು. ಪೆಟ್ಟಿಗೆಯ ಮುಂಭಾಗ ತೆರೆದೇ ಇತ್ತು, ಬೆಂಕಿ ಕಣ್ಣಿಗೆ ಕಾಣುತ್ತಿತ್ತು. ಬೆಂಕಿಯ ಹಿಂದೆ ಒಂದು ಟೊಳ್ಳು ಡಬ್ಬ. ಕೆಳಗಿನಿಂದ ಹೊಸ ಗಾಳಿ ಅದರೊಳಗೆ ಬಂದು, ಬಿಸಿಯಾಗಿ, ಪಕ್ಕದ ತೂತುಗಳಿಂದ ಕೋಣೆಗೆ ಬರುತ್ತಿತ್ತು. ಹೊಗೆ ಆ ಡಬ್ಬದ ಮೇಲೇರಿ, ಹಿಂಬದಿಯಲ್ಲಿ ಕೆಳಗಿಳಿದು, ನೆಲದ ಮಟ್ಟದಲ್ಲಿ ಸಾಗಿ ಆಮೇಲೆ ಚಿಮಣಿ ಸೇರಬೇಕಿತ್ತು. ಹೊಗೆಯ ಜೊತೆ ಓಡಿಹೋಗುವ ಶಾಖವನ್ನು ದಾರಿಯಲ್ಲೇ ಕಬ್ಬಿಣ ಹೀರಲಿ ಎಂಬುದು ಲೆಕ್ಕ.

ಹಲಗೆಗಳನ್ನು ಎರಕ ಹೊಯ್ದದ್ದು ಗೆಳೆಯ ರಾಬರ್ಟ್ ಗ್ರೇಸ್. 1744ರಲ್ಲಿ ಫ್ರಾಂಕ್ಲಿನ್ ಇದರ ಬಗ್ಗೆ ಒಂದು ಪುಸ್ತಿಕೆ ಬರೆದು ಅಚ್ಚು ಹಾಕಿಸಿದ. ಅದು ವಿಜ್ಞಾನವೂ ಹೌದು, ಜಾಹೀರಾತೂ ಹೌದು. ಓದಿ ಮೆಚ್ಚಿದ ಗವರ್ನರ್ ಜಾರ್ಜ್ ಥಾಮಸ್, ಕೆಲವು ವರ್ಷ ಇದನ್ನು ಮಾರುವ ಹಕ್ಕು ಫ್ರಾಂಕ್ಲಿನ್ ಒಬ್ಬನಿಗೇ ಸಿಗುವಂತೆ ಪೇಟೆಂಟ್ ಕೊಡಲು ಮುಂದೆ ಬಂದರು. ಬೇರೆಯವರು ಕಂಡುಹಿಡಿದದ್ದನ್ನೆಲ್ಲ ನಾವು ಬಳಸುತ್ತೇವೆ, ನಮ್ಮದನ್ನೂ ಹಾಗೇ ಹಂಚಬೇಕು ಎಂಬ ನಿಲುವಿನಿಂದ ಆತ ಒಪ್ಪಲಿಲ್ಲ. ಆತನೇ ಬರೆದಿಟ್ಟಂತೆ, ಲಂಡನ್ನಿನ ಕಬ್ಬಿಣದ ವ್ಯಾಪಾರಿಯೊಬ್ಬ ಪುಸ್ತಿಕೆ ನೋಡಿ, ಸಣ್ಣಪುಟ್ಟ ಬದಲಾವಣೆ ಮಾಡಿ ಒಲೆ ಕೆಡಿಸಿ, ಅದಕ್ಕೆ ತಾನೇ ಪೇಟೆಂಟ್ ಪಡೆದು ದುಡ್ಡು ಮಾಡಿಕೊಂಡ.

ಇನ್ನು ಹೊಗೆಯ ವಿಷಯ. ಬಿಸಿ ಹೊಗೆ ಹಗುರ, ತಾನಾಗಿ ಮೇಲೇರುತ್ತದೆ. ಅದನ್ನು ಕೆಳಗಿಳಿಸಬೇಕಾದರೆ ಮುಂದಿನ ಚಿಮಣಿ ಚೆನ್ನಾಗಿ ಕಾದು ಎಳೆಯುತ್ತಿರಬೇಕು. ಒಲೆ ಆಗತಾನೆ ಹೊತ್ತಿಸಿದಾಗ, ಬೆಂಕಿ ನಂದುತ್ತಿರುವಾಗ ಈ ಎಳೆತ ಇರುವುದಿಲ್ಲ. ಆಗ ಹೊಗೆ ಬಂದ ದಾರಿಯಲ್ಲೇ ವಾಪಸ್ ಕೋಣೆಗೆ. ಹಾಗಾಗಿ ಈ ಒಲೆ ಹೆಚ್ಚು ಮಾರಾಟವಾಗಲಿಲ್ಲ. 1780ರ ದಶಕದಲ್ಲಿ ಅದೇ ಫಿಲಡೆಲ್ಫಿಯಾದ ಖಗೋಳಜ್ಞ ಡೇವಿಡ್ ರಿಟನ್‌ಹೌಸ್, ಹೊಗೆಯನ್ನು ಕೆಳಗಿಳಿಸುವ ದಾರಿ ತೆಗೆದು, ಕೊಳವೆಯೊಂದರಿಂದ ಸೀದಾ ಚಿಮಣಿಗೆ ಬಿಟ್ಟರು. ಒಲೆ ಸರಿಹೋಯಿತು. ಹೆಸರು ಮಾತ್ರ ಫ್ರಾಂಕ್ಲಿನ್‌ನದೇ ಉಳಿಯಿತು.

ಅಮೆರಿಕ, ಕೆನಡಾದಲ್ಲಿರುವ ನಿಮ್ಮ ನೆಂಟರ ಮನೆಯ ಫೈರ್‌ಪ್ಲೇಸ್ ಒಳಗೆ ಗಾಜಿನ ಬಾಗಿಲಿನ ಕಬ್ಬಿಣದ ಪೆಟ್ಟಿಗೆ ಇದ್ದರೆ, ಅದನ್ನು ಇನ್ಸರ್ಟ್ ಎನ್ನುತ್ತಾರೆ. ಹಳೆಯದರೊಳಗೆ ಹೊಸದನ್ನು ಕೂರಿಸುವ ಅದೇ ಉಪಾಯ. ಆದರೆ ಇದರಲ್ಲಿ ಹೊಗೆಗೆ ಸ್ಟೀಲ್ ಕೊಳವೆಯಲ್ಲಿ ಮೇಲ್ಮುಖ ದಾರಿ ಇರುತ್ತದೆ. ಅಗಲವಾದ ಚಿಮಣಿಯಲ್ಲಿ ಹೊಗೆ ಬೇಗ ತಣ್ಣಗಾಗಿ ಎಳೆತ ಕಡಿಮೆಯಾಗುತ್ತದೆ, ಬೆಂಕಿ ಹಿಡಿಯುವಂಥ ಕೀಲಿನಂತಹ ಮಸಿಯೂ ಒಳಗೆ ಅಂಟುತ್ತದೆ. ಕಾರ್ಖಾನೆಯಲ್ಲಿ ಲೋಹದ ಹಾಳೆಯಿಂದ ತಯಾರಾಗಿ ಬರುವ ಪ್ರಿಫ್ಯಾಬ್ ಫೈರ್‌ಪ್ಲೇಸ್ ಆದರೆ ಇನ್ನೂ ಜಾಗ್ರತೆ ಬೇಕು. ಅದರ ಸುತ್ತ ಇರುವುದು ಮರದ ಚೌಕಟ್ಟು. ಅಂಥದ್ದಕ್ಕಾಗಿಯೇ ಪರೀಕ್ಷೆಯಾದ ಇನ್ಸರ್ಟ್ ಮಾತ್ರ, ಅದೂ ಫೈರ್‌ಪ್ಲೇಸ್ ಕಂಪನಿಯ ಮ್ಯಾನ್ಯುಯಲ್ ಒಪ್ಪಿದರೆ ಮಾತ್ರ ಹಾಕಿಸಬೇಕು. ಹೊಗೆಯ ಜೊತೆ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದಕ್ಕೆ ಅಲಾರಂ ಇರಲೇಬೇಕು. ಕಟ್ಟಿಗೆ ಕಡಿಮೆ, ಹೊಗೆ ಹೊರಗೆ ಎಂಬ ಇದೇ ಲೆಕ್ಕವನ್ನು ನಮ್ಮ ಅಡುಗೆಮನೆಗೆ ತಂದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆ.

ಫ್ರಾಂಕ್ಲಿನ್ ಮಾತ್ರ ಹೊಗೆಯ ಬೆನ್ನು ಬಿಡಲಿಲ್ಲ. 1748ರಲ್ಲಿ, 42ನೇ ವಯಸ್ಸಿಗೆ ಪ್ರೆಸ್ಸಿನ ಕೆಲಸದಿಂದ ನಿವೃತ್ತನಾದ. ಮುಂದೆ ಲಂಡನ್ನಿನಲ್ಲಿದ್ದಾಗ ಚಿಮಣಿಯ ಬಾಯಿಯನ್ನು ಬೇಕಾದಷ್ಟೇ ತೆರೆಯುವ ಜಾರು ಹಲಗೆ ಮಾಡಿದ. 1771ರಲ್ಲಿ ತನ್ನ ಹೊಗೆಯನ್ನೇ ಸುಟ್ಟುಕೊಳ್ಳುವ ಕಲ್ಲಿದ್ದಲಿನ ಒಲೆ ಕಟ್ಟಿದ. ಅಭಿಪ್ರಾಯ ಬದಲಿಸಲೂ ಹಿಂಜರಿಯಲಿಲ್ಲ. 1744ರ ಪುಸ್ತಿಕೆಯಲ್ಲಿ ತಣ್ಣನೆಯ ಗಾಳಿ ತಾಗಿ ಶೀತವಾಗುತ್ತದೆ ಎಂದು ಹೆದರಿಸಿದ್ದವನೇ, ಮುಚ್ಚಿದ ಕೋಣೆಯಲ್ಲಿ ಒಟ್ಟಿಗೆ ಕೂತಾಗ ಒಬ್ಬರಿಂದೊಬ್ಬರಿಗೆ ಶೀತ ಹರಡುತ್ತದೆ ಎಂದು 1773ರ ಹೊತ್ತಿಗೆ ಬರೆದ. ವೈರಸ್‌ಗಳು ಇನ್ನೂ ಪತ್ತೆಯೇ ಆಗಿರದ ಕಾಲದಲ್ಲಿ!

1785ರಲ್ಲಿ ಫ್ರಾನ್ಸಿನಿಂದ ಹಡಗಿನಲ್ಲಿ ಮರಳುವಾಗ ಆತನಿಗೆ 79 ವರ್ಷ. ಆ ಪ್ರಯಾಣದಲ್ಲೇ ವಿಜ್ಞಾನಿ ಯಾನ್ ಇಂಗೆನ್‌ಹೌಸ್‌ಗೆ ಚಿಮಣಿಗಳು ಏಕೆ ಹೊಗೆ ಬಿಡುತ್ತವೆ ಎಂದು ಉದ್ದನೆಯ ಪತ್ರ ಬರೆದ. ಮೊದಲ ಕಾರಣ, ಹೊಸ ಮನೆಗಳಲ್ಲಿ ಬಾಗಿಲು ಕಿಟಕಿ ಬಿಗಿಯಾಗಿ ಕೂತು ಬೆಂಕಿಗೆ ಗಾಳಿ ಸಾಲದಿರುವುದು. ಅದನ್ನು ಕಂಡುಕೊಳ್ಳಲು ಆತ ಹೇಳಿದ ಪರೀಕ್ಷೆಗೆ ಖರ್ಚೇ ಇಲ್ಲ: ಬೆಂಕಿ ಉರಿಯುತ್ತಿರುವಾಗ ಬಾಗಿಲು ಮುಚ್ಚಿ, ಮತ್ತೆ ನಿಧಾನವಾಗಿ ತೆರೆಯುತ್ತ ಬರಬೇಕು. ಎಷ್ಟು ತೆರೆದಾಗ ಕೋಣೆಗೆ ಹೊಗೆ ಬರುವುದು ನಿಲ್ಲುತ್ತದೋ, ಅಷ್ಟು ಗಾಳಿಗೆ ಬೇರೆ ಕಿಂಡಿ ಮಾಡಿಸಬೇಕು.

1790ರ ಏಪ್ರಿಲ್ 17ರಂದು, 84ನೇ ವಯಸ್ಸಿನಲ್ಲಿ ಫ್ರಾಂಕ್ಲಿನ್ ಫಿಲಡೆಲ್ಫಿಯಾದಲ್ಲಿ ತೀರಿಕೊಂಡ. ಆತನೇ ಹುಟ್ಟುಹಾಕಿ ಕೊನೆಯವರೆಗೂ ಅಧ್ಯಕ್ಷನಾಗಿದ್ದ ಅಮೆರಿಕನ್ ಫಿಲಸಾಫಿಕಲ್ ಸೊಸೈಟಿಗೆ ಮರುವರ್ಷ ಹೊಸ ಅಧ್ಯಕ್ಷರಾದದ್ದು ಒಲೆ ಸರಿಮಾಡಿದ ಆ ಡೇವಿಡ್ ರಿಟನ್‌ಹೌಸ್ ಅವರೇ.