ಸಿಆರ್‌ಪಿ ಜಾಸ್ತಿ ಬಂದರೆ ನ್ಯುಮೋನಿಯಾ ಕೈಮೀರಿದೆ ಎಂದೇ? ಈ ಪರೀಕ್ಷೆ ಹುಟ್ಟಿದ ಕಥೆ ಓದಿ

ಮೋಕದ ಮನೆಯೊಂದರಲ್ಲಿ ಅಜ್ಜನಿಗೆ ಜ್ವರ, ಕೆಮ್ಮು, ಎದೆನೋವು ಎಂದುಕೊಳ್ಳಿ. ಬಳ್ಳಾರಿಗೆ ಕರೆತಂದು ರಕ್ತ ಪರೀಕ್ಷೆ ಮಾಡಿಸಿದ್ದಾಯಿತು. ವೈದ್ಯರನ್ನು ಕಾಣುವ ಮೊದಲೇ ರಿಪೋರ್ಟ್ ಮೊಬೈಲಿಗೆ ಬಂತು: ಸಿಆರ್‌ಪಿ 120. ಅದು ಕುಟುಂಬದ ವಾಟ್ಸಾಪ್ ಗ್ರೂಪಿಗೂ ಹೋಯಿತು. ಶ್ವಾಸಕೋಶವೇ ಹೋಗಿದೆ ಎಂದು ಒಬ್ಬರು ಹೆದರಿಸಿದರು. ನನಗೆ ಬರೀ 12 ಇತ್ತು, ಎಂಟು ದಿನ ಆಸ್ಪತ್ರೆಯಲ್ಲಿದ್ದೆ ಎಂದು ಇನ್ನೊಬ್ಬರು ಗೊಂದಲ ಹೆಚ್ಚಿಸಿದರು. ಈ ಅಂಕಿ ನಿಜಕ್ಕೂ ಏನು ಹೇಳುತ್ತದೆ? ತಿಳಿಯಲು ನಾವು ಓಸ್ವಾಲ್ಡ್ ಏವರಿ ಎಂಬ ವಿಜ್ಞಾನಿಯ ಬದುಕನ್ನು ನೋಡೋಣ.

ಯಾರು ಈ ಏವರಿ?

ಏವರಿ ಹುಟ್ಟಿದ್ದು 1877ರಲ್ಲಿ, ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ. ತಂದೆ ಚರ್ಚ್‌ನ ಪಾದ್ರಿ. ಬಾಲ್ಯದಲ್ಲೇ ಕುಟುಂಬ ನ್ಯೂಯಾರ್ಕ್‌ಗೆ ಬಂತು. 1904ರಲ್ಲಿ ಕೊಲಂಬಿಯಾದಲ್ಲಿ ವೈದ್ಯ ಪದವಿ ಪಡೆದರು. ಕೆಲಕಾಲ ರೋಗಿಗಳನ್ನು ನೋಡಿದರೂ ಅವರ ಮನಸ್ಸು ಪ್ರಯೋಗಾಲಯದ ಕಡೆಗೇ ಎಳೆಯಿತು. 1913ರಲ್ಲಿ ರಾಕ್‌ಫೆಲ್ಲರ್ ಸಂಸ್ಥೆಯ ಆಸ್ಪತ್ರೆ ಸೇರಿದರು.

ಆಗ ಪೆನಿಸಿಲಿನ್ ಇರಲಿಲ್ಲ. ಅಮೆರಿಕದಲ್ಲಿ ಅತಿ ಹೆಚ್ಚು ಜೀವ ತೆಗೆಯುತ್ತಿದ್ದ ರೋಗಗಳಲ್ಲಿ ನ್ಯುಮೋನಿಯಾವೂ ಒಂದು. ಅದಕ್ಕೆ ಮುಖ್ಯ ಕಾರಣವಾದ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾವನ್ನೇ ಏವರಿ ಜೀವನವಿಡೀ ಬೆನ್ನುಹತ್ತಿದರು. ಅದರ ಹೊರಕವಚ ಸಕ್ಕರೆಯ ಜಾತಿಯ ವಸ್ತುವಿನಿಂದ ಆಗಿದೆ, ಒಂದೊಂದು ಬಗೆಗೆ ಒಂದೊಂದು ಕವಚ ಎಂಬುದನ್ನು ಅವರೂ ಮೈಕೆಲ್ ಹೈಡೆಲ್‌ಬರ್ಗರ್ ಅವರೂ 1923ರಲ್ಲಿ ತೋರಿಸಿದರು.

ರೋಗಿಗಳ ರಕ್ತದಲ್ಲಿ ಕಂಡಿದ್ದೇನು?

1930ರಲ್ಲಿ ಏವರಿ ಪ್ರಯೋಗಾಲಯದ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ವಿಚಿತ್ರವೊಂದನ್ನು ಗಮನಿಸಿದರು. ನ್ಯುಮೋಕಾಕಸ್‌ನಿಂದ ತೆಗೆದ ಸಿ ಎಂಬ ಅಂಶವನ್ನು ನ್ಯುಮೋನಿಯಾ ರೋಗಿಗಳ ರಕ್ತದ ಸೀರಮ್‌ಗೆ ಬೆರೆಸಿದರೆ ಅದು ಗರಣೆ ಕಟ್ಟುತ್ತಿತ್ತು. ರೋಗಿ ಚೇತರಿಸಿಕೊಂಡರೆ ಗರಣೆ ಕಟ್ಟುವುದು ನಿಲ್ಲುತ್ತಿತ್ತು. ರೋಗದ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು ಗುಣವಾಗುವ ಹೊತ್ತಿಗೆ ಹೆಚ್ಚುತ್ತವೆ. ಇದು ಅದಕ್ಕೆ ಉಲ್ಟಾ! ಬೇರೆ ಸೋಂಕಿದ್ದವರ ರಕ್ತದಲ್ಲೂ ಇದು ಕಂಡಿತು.

1941ರಲ್ಲಿ ಏವರಿ ಮತ್ತು ಸಂಗಡಿಗರು ಇದೊಂದು ಪ್ರೋಟೀನ್ ಎಂದು ತೋರಿಸಿದರು. ಸಿ ಅಂಶದೊಂದಿಗೆ ವರ್ತಿಸುವುದರಿಂದ ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ ಎಂಬ ಹೆಸರು ಬಂತು. ಇದು ಬ್ಯಾಕ್ಟೀರಿಯಾದ ವಿಷವಲ್ಲ. ಉರಿಯೂತ ಆದಾಗ ನಮ್ಮ ಲಿವರ್ ತಾನೇ ತಯಾರಿಸುವ ವಸ್ತು.

1944ರಲ್ಲಿ ಏವರಿ, ಮ್ಯಾಕ್ಲಿಯೋಡ್ ಮತ್ತು ಮೆಕಾರ್ಟಿ ಅದೇ ನ್ಯುಮೋಕಾಕಸ್‌ನಲ್ಲಿ ಗುಣವನ್ನು ಸಾಗಿಸುವುದು ಡಿಎನ್‌ಎ ಎಂದು ತೋರಿಸಿದರು. ಪರೀಕ್ಷಿಸಿ, ಮತ್ತೆ ಪರೀಕ್ಷಿಸಿ, ವರ್ಷಗಳ ನಂತರವೇ ಪ್ರಕಟಿಸಿದರು. ನೊಬೆಲ್ ಮಾತ್ರ ಸಿಗಲಿಲ್ಲ. 1955ರಲ್ಲಿ ನ್ಯಾಶ್‌ವಿಲ್‌ನಲ್ಲಿ ತೀರಿಕೊಂಡರು.

ಹಾಗಾದರೆ ರಿಪೋರ್ಟ್ ಹೇಗೆ ನೋಡಬೇಕು?

ಮೊದಲು ಅಳತೆ ನೋಡಿ. ಕೆಲವು ಲ್ಯಾಬ್‌ಗಳು ಒಂದು ಲೀಟರ್‌ಗೆ ಎಷ್ಟು ಮಿಲಿಗ್ರಾಂ ಎಂದು ಬರೆಯುತ್ತವೆ, ಕೆಲವು ಒಂದು ಡೆಸಿಲೀಟರ್‌ಗೆ. ಮೊದಲಿನದರಲ್ಲಿ 120 ಇದ್ದರೆ ಎರಡನೆಯದರಲ್ಲಿ 12. ಗ್ರೂಪಿನಲ್ಲಿ ಬಂದ ಆ ಎರಡು ಅಂಕಿಗಳು ಒಂದೇ ಆಗಿರಬಹುದು!

ಎರಡನೆಯದು ಸಮಯ. ಸೋಂಕು ಶುರುವಾದ ಮೊದಲ ಕೆಲವು ಗಂಟೆ ಸಿಆರ್‌ಪಿ ಕಡಿಮೆಯೇ ಇರಬಹುದು. ಉತ್ತುಂಗಕ್ಕೆ ಏರಲು ಒಂದೂವರೆ, ಎರಡು ದಿನ ಬೇಕು. ಹಾಗಾಗಿ ಒಂದು ಅಂಕಿಗಿಂತ ಅದರ ಏರಿಳಿತ ಮುಖ್ಯ. ಚಿಕಿತ್ಸೆ ಶುರುವಾಗಿ ಮೂರು ನಾಲ್ಕು ದಿನವಾದರೂ ಇಳಿಯದಿದ್ದರೆ ವೈದ್ಯರು ಎಚ್ಚೆತ್ತುಕೊಳ್ಳುತ್ತಾರೆ.

ಪ್ರೊಕ್ಯಾಲ್ಸಿಟೋನಿನ್ ಎಂಬ ಇನ್ನೊಂದು ಪರೀಕ್ಷೆಯಿದೆ. ಬ್ಯಾಕ್ಟೀರಿಯಾ ಸೋಂಕಿನಲ್ಲಿ ಇದು ಹೆಚ್ಚು ಏರುತ್ತದೆ, ವೈರಸ್ ಸೋಂಕಿನಲ್ಲಿ ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ಆದರೂ ನ್ಯುಮೋನಿಯಾ ಖಚಿತವಾಗಿರುವಾಗ ಇದು ಕಡಿಮೆ ಬಂತೆಂದು ಆಂಟಿಬಯೋಟಿಕ್ ಶುರುಮಾಡದೇ ಇರಬಾರದು ಎಂದು ಅಮೆರಿಕದ ತಜ್ಞರ 2019ರ ಮಾರ್ಗಸೂಚಿ ಹೇಳುತ್ತದೆ.

ರೋಗ ಎಷ್ಟು ಗಂಭೀರ ಎಂದು ಅಳೆಯಲು ವೈದ್ಯರು ಬಳಸುವ ಕರ್ಬ್-65 ಎಂಬ ಲೆಕ್ಕದಲ್ಲಿ ಸಿಆರ್‌ಪಿಯೇ ಇಲ್ಲ. ಅಲ್ಲಿರುವುದು ಐದು: ಗಲಿಬಿಲಿಯ ಮಾತು, ರಕ್ತದಲ್ಲಿ ಹೆಚ್ಚಿದ ಯೂರಿಯಾ, ನಿಮಿಷಕ್ಕೆ 30 ಅಥವಾ ಹೆಚ್ಚು ಉಸಿರು, ಕುಸಿದ ಬಿಪಿ, 65 ಅಥವಾ ಹೆಚ್ಚಿನ ವಯಸ್ಸು. ಇವುಗಳಲ್ಲಿ ಎರಡನ್ನು ನೀವು ಮನೆಯಲ್ಲೇ ಗಮನಿಸಬಹುದು. ಅಜ್ಜ ಮಲಗಿರುವಾಗ ಎದೆ ಎಷ್ಟು ಬಾರಿ ಏರಿಳಿಯುತ್ತದೆ ಎಂದು ಗಡಿಯಾರ ಹಿಡಿದು ಒಂದು ನಿಮಿಷ ಎಣಿಸಿ. ಮನೆಯವರ ಗುರುತು ಸಿಗುತ್ತಿದೆಯೇ, ಮಾತು ಸರಿಯಿದೆಯೇ ನೋಡಿ. ಉಸಿರು ಏರುತ್ತಿದ್ದರೆ, ಮಾತು ತಪ್ಪುತ್ತಿದ್ದರೆ, ತುಟಿ ನೀಲಿಯಾದರೆ ರಿಪೋರ್ಟ್‌ಗೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.

ನಾವು ಹೇಳುವುದಿಷ್ಟೇ: ಸಿಆರ್‌ಪಿ ದೇಹ ಹೋರಾಡುತ್ತಿದೆ ಎಂದು ಹೇಳುತ್ತದೆ. ಯಾರ ವಿರುದ್ಧ, ಗೆಲ್ಲುವವರಾರು ಎಂಬುದನ್ನು ಅದೊಂದೇ ಹೇಳಲಾರದು. ಅಂಕಿ ನೋಡಿ ಮಾತ್ರೆ ಶುರುಮಾಡುವುದು, ನಿಲ್ಲಿಸುವುದು ಎರಡೂ ಬೇಡ. ಏವರಿ ವರ್ಷಗಟ್ಟಲೆ ಪರೀಕ್ಷಿಸಿ ಮಾತಾಡಿದರು. ನಾವು ಫಾರ್ವರ್ಡ್ ಮಾಡುವ ಮುನ್ನ ಒಂದು ನಿಮಿಷ ಯೋಚಿಸಿದರೆ ಸಾಕು.