ಕಾಂಪ್ಟನ್ ಮೆಕೆಂಜಿ ಮತ್ತು ಧ್ವನಿಮುದ್ರಿಕೆಗಳ ವಿಮರ್ಶೆ

1883ರಲ್ಲಿ ಇಂಗ್ಲೆಂಡಿನ ವೆಸ್ಟ್ ಹಾರ್ಟಲ್‌ಪೂಲ್‌ನಲ್ಲಿ ಜನಿಸಿದ ಕಾಂಪ್ಟನ್ ಮೆಕೆಂಜಿ ಪ್ರಸಿದ್ಧನಾದುದು ಕಾದಂಬರಿಕಾರನಾಗಿ. ವೃತ್ತಿಯಿಂದ ಅವನು ಸಂಗೀತಗಾರನಲ್ಲ. 1923ರ ಏಪ್ರಿಲ್‌ನಲ್ಲಿ ಭಾವಮೈದುನ ಕ್ರಿಸ್ಟೋಫರ್ ಸ್ಟೋನ್‌ನೊಡನೆ ‘ದಿ ಗ್ರಾಮಫೋನ್’ ಮಾಸಪತ್ರಿಕೆಯನ್ನು ಆರಂಭಿಸಿದನು. ತಟ್ಟೆಯ ಒಂದು ಬದಿಗೆ 4–5 ನಿಮಿಷಗಳಷ್ಟೇ ಹಿಡಿಸುತ್ತಿದ್ದ ಆ ಕಾಲದಲ್ಲಿ ದೀರ್ಘಕೃತಿಗಳನ್ನು ಮೊಟಕುಗೊಳಿಸಿ ಮಾರುವ ರೂಢಿಯಿತ್ತು. ಇದಕ್ಕೆ ಮೆಕೆಂಜಿಯ ಉತ್ತರ ಬರಹಕ್ಕಷ್ಟೇ ನಿಲ್ಲಲಿಲ್ಲ. ಚಂದಾದಾರರನ್ನು ಕೂಡಿಸಿ, ಚೇಂಬರ್ ಸಂಗೀತದ ಕೃತಿಗಳನ್ನು ಇಡಿಯಾಗಿ ಹೊರತರುವ ಸಂಘವನ್ನೇ ಕಟ್ಟಿದನು. ವಿಮರ್ಶಕನೇ ಪ್ರಕಾಶಕನಾದ ಈ ಪ್ರಸಂಗ ಅವನ ಕಾದಂಬರಿಗಳ ನೆರಳಿನಲ್ಲಿ ಮರೆಯಾಗಿದೆ. 1925ರಲ್ಲಿ ಬಂದ ವಿದ್ಯುತ್ ಧ್ವನಿಮುದ್ರಣವನ್ನು ಮೊದಲು ವಿರೋಧಿಸಿದ ಅವನು ಮುಂದೆ ಅದನ್ನು ಒಪ್ಪಿಕೊಂಡನು. ಪತ್ರಿಕೆಗೆ ಜಾಹೀರಾತು ಕೊಡುತ್ತಿದ್ದವರು ಮುದ್ರಿಕೆಗಳ ಕಂಪನಿಗಳೇ ಆದುದರಿಂದ ಇದನ್ನು ವ್ಯಾಪಾರದ ಒತ್ತಡವೆನ್ನಬಹುದೆ? ಸಂಘದ ಸಾಹಸವನ್ನು ಗಮನಿಸಿದರೆ ಹಾಗೆನ್ನುವುದು ಕಷ್ಟ. 1961ರವರೆಗೆ ಸಂಪಾದಕನಾಗಿದ್ದ ಮೆಕೆಂಜಿ 1972ರಲ್ಲಿ ಎಡಿನ್‌ಬರೋದಲ್ಲಿ ನಿಧನನಾದನು.